ಪ್ರಜೆಯ ಹಕ್ಕೂ ಅದರ ಕಾವಲೂ

ಸ್ವಾತಂತ್ರ್ಯವೆಂದರೆ ಪರರ ಆಳ್ವಿಕೆಯಿಂದ ಬಿಡುಗಡೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆಳುವವರು ಯಾರೇ ಆಗಿರಲಿ, ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಕೂಡದೆಂಬುದು ಅದಕ್ಕಿಂತ ಭಿನ್ನವಾದ, ಆದರೆ ಅಷ್ಟೇ ಹಿರಿದಾದ ವಿಷಯ. ಇವೆರಡರ ಅಂತರವನ್ನರಿಯಲು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಿಂದ ಹೊರಡುವುದು ಉಚಿತವಾಗಿದೆ.

ಆಗ ಹಾವೇರಿಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1943ನೆಯ ಏಪ್ರಿಲ್ 1ರಂದು, ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಸಂಗಡಿಗರೊಡನೆ ಹೊಸರಿತ್ತಿಗೆ ಬಂದರು. ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪೋಲೀಸರ ಗುಂಡಿಗೆ ಬಲಿಯಾದರು. ಅವರು ತಿಳಿದೇ ಕಾನೂನನ್ನು ಮುರಿದವರು. ಅದರ ಬೆಲೆಯನ್ನು ಪ್ರಾಣದಿಂದಲೇ ತೆತ್ತವರು. ಆದರೆ ಆ ದಿನಗಳಲ್ಲಿ ಯಾವ ಅಪರಾಧವನ್ನೂ ಮಾಡದವನನ್ನು ಸಹ, ಇವನಿಂದ ಕೇಡಾದೀತೆಂಬ ಶಂಕೆಯ ಮೇಲೆಯೇ, ಭಾರತ ರಕ್ಷಣಾ ನಿಯಮಾವಳಿಯ 26ನೆಯ ನಿಯಮದಂತೆ ಬಂಧಿಸಿಡಬಹುದಾಗಿದ್ದಿತು. ಹೊಸರಿತ್ತಿಯ ಘಟನೆಯಾದ ಮೂರು ವಾರಗಳಿಗೆ, ಏಪ್ರಿಲ್ 22ರಂದು, ಕೇಶವ ತಲಪಡೆ ಎಂಬವರ ಮೊಕದ್ದಮೆಯಲ್ಲಿ ಫೆಡರಲ್ ಕೋರ್ಟು ಆ ನಿಯಮವು ಶಾಸನದ ಮೇರೆಯನ್ನು ಮೀರಿದ್ದೆಂದು ತೀರ್ಪಿತ್ತಿತು. ಒಂದೇ ವಾರದೊಳಗೆ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ ನಿಯಮವನ್ನು ಉಳಿಸಿಕೊಂಡಿತು. ನ್ಯಾಯಾಲಯವು ತೆರೆದ ಬಾಗಿಲನ್ನು ಅಧಿಕಾರವು ಮುಚ್ಚಿತು.

ಇಂತಹ ಸಮಯದಲ್ಲಿ ಧ್ವನಿಯೆತ್ತಬೇಕಾದ ಸಂಸ್ಥೆಯೊಂದು ದೇಶದಲ್ಲಿ ಇದ್ದಿತು. 1936ನೆಯ ಆಗಸ್ಟ್ 24ರಂದು ಜವಾಹರಲಾಲ ನೆಹರೂರವರ ಪ್ರೇರಣೆಯಿಂದ ಮುಂಬಯಿಯಲ್ಲಿ ಇಂಡಿಯನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಸ್ಥಾಪಿತವಾಯಿತು. ಕವಿ ರವೀಂದ್ರರು ಗೌರವಾಧ್ಯಕ್ಷರು; ಸರೋಜಿನಿ ನಾಯಿಡು ಕಾರ್ಯಾಧ್ಯಕ್ಷರು. ಆದರೆ 1937ರಲ್ಲಿ ಕಾಂಗ್ರೆಸ್ಸಿಗರು ಪ್ರಾಂತಗಳಲ್ಲಿ ಅಧಿಕಾರಕ್ಕೆ ಬಂದೊಡನೆ ಅದರ ಉತ್ಸಾಹವು ಕುಗ್ಗಿತು. ಅದು ತೀರ ಅವಶ್ಯವಾಗಿದ್ದ 1942ರ ವೇಳೆಗೆ ನಾಯಕರೇ ಸೆರೆಯಲ್ಲಿದ್ದರು. ಅದರ ಕಾರ್ಯದರ್ಶಿಗಳಾಗಿದ್ದ ಡಾ. ಕೆ. ಬಿ. ಮೆನನ್ನರು ಮಲಬಾರಿನ ಕೀಳರಿಯೂರು ಬಾಂಬು ಮೊಕದ್ದಮೆಯಲ್ಲಿ ಆರೋಪಿಯಾದರು.

ಸ್ವರಾಜ್ಯವು ಬಂದ ಮೇಲೆಯೂ ವಿಚಾರಣೆಯಿಲ್ಲದ ಬಂಧನವು ಅಳಿಯಲಿಲ್ಲ. 1950ರಲ್ಲಿಯೇ ನಿವಾರಕ ಬಂಧನ ಶಾಸನವು ಜಾರಿಗೆ ಬಂದಿತು. 1975ನೆಯ ಜೂನ್‌ನಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿದಾಗ ಅದರ ಪೂರ್ಣಸ್ವರೂಪವು ಕಂಡಿತು. ಬೆಂಗಳೂರಿನ ಸೆರೆಮನೆಯಲ್ಲಿ ವಿರೋಧಪಕ್ಷದ ಹಿರಿಯರು ತುಂಬಿದರು; ಅಲ್ಲಿಯೇ ಬಂಧಿತರಾಗಿದ್ದ ನಟಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಕೆಲದಿನಗಳಲ್ಲೇ, 1977ರ ಜನವರಿಯಲ್ಲಿ ತೀರಿಕೊಂಡರು. 1976ನೆಯ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಬಂಧಿತನಿಗೆ ನ್ಯಾಯಾಲಯದ ಮೊರೆಹೋಗುವ ಹಕ್ಕಿಲ್ಲವೆಂದಿತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಕೊಟ್ಟರು.

ಅದೇ ವರ್ಷದ ಅಕ್ಟೋಬರಿನಲ್ಲಿ ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ ದಿಲ್ಲಿಯಲ್ಲಿ ಹೊಸ ಸಂಘವೊಂದು ಹುಟ್ಟಿತು. ವಿ. ಎಂ. ತಾರ್ಕುಂಡೆಯವರು ಅದರ ಅಧ್ಯಕ್ಷರಾದರು. 1977ರಲ್ಲಿ ಮಿತ್ರರು ಅಧಿಕಾರಕ್ಕೆ ಬರಲು ಇದೂ ಮಂಕಾಯಿತು. ಎರಡು ಬಾರಿ ಕಲಿತ ಈ ಪಾಠದಿಂದಲೇ 1980ರಲ್ಲಿ ಅದನ್ನು ಯಾವ ಪಕ್ಷಕ್ಕೂ ಅಧೀನವಲ್ಲದ, ಸದಸ್ಯರಿಂದ ನಡೆಯುವ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂದು ಪುನಾರಚಿಸಲಾಯಿತು.

ಅದರ ಕೆಲಸವು ಸೆರೆಮನೆಯ ಗೋಡೆಗಳಲ್ಲಿ ನಿಲ್ಲಲಿಲ್ಲ. ದೂರವಾಣಿ ಕದ್ದಾಲಿಕೆಗೆ 1996ರಲ್ಲಿ ಕಟ್ಟುಪಾಡುಗಳು ಬಂದುದೂ, ಯಾವ ಅಭ್ಯರ್ಥಿಯೂ ಬೇಡವೆಂದು ಮತದಾರನು ಸೂಚಿಸುವ ಹಕ್ಕು 2013ರಲ್ಲಿ ದೊರೆತುದೂ ಅದರ ಅರ್ಜಿಗಳಿಂದಲೇ. 2001ರಲ್ಲಿ ಅದು ಹೂಡಿದ ಆಹಾರದ ಹಕ್ಕಿನ ದಾವೆಯಲ್ಲಿ, ಸರಕಾರಿ ಶಾಲೆಗಳ ಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟವನ್ನು ಕೊಡತಕ್ಕದ್ದೆಂದು ನ್ಯಾಯಾಲಯವು ಆಜ್ಞಾಪಿಸಿತು. ನಮ್ಮ ನಾಡಿನ ಅಕ್ಷರದಾಸೋಹದ ಹಿಂದೆಯೂ ಈ ಆಜ್ಞೆಯಿದೆ. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದುದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ದಿನವೂ ಆಗಸ್ಟ್ 24ನೆಯ ತಾರೀಖೇ.

ಇಷ್ಟಾದರೂ ವಿಚಾರಣೆಯಿಲ್ಲದ ಬಂಧನಕ್ಕೆ ನಮ್ಮ ಸಂವಿಧಾನದ 22ನೆಯ ವಿಧಿಯಲ್ಲಿ ಇಂದಿಗೂ ಎಡೆಯಿದೆ. ಹೊಸರಿತ್ತಿಯ ಹುತಾತ್ಮರು ಪರರ ಆಳ್ವಿಕೆಯನ್ನು ಕಳೆಯಲು ಮಡಿದರು. ನಮ್ಮವರದೇ ಆಳ್ವಿಕೆಯನ್ನು ಮೇರೆಯಲ್ಲಿಡುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ. ನಮಗೆ ಒಪ್ಪಿಗೆಯಾದವರು ಅಧಿಕಾರದಲ್ಲಿರುವಾಗಲೂ ಈ ಕಾವಲನ್ನು ಸಡಿಲಿಸಲಾಗದು. ಎರಡು ಸಂಘಗಳ ಚರಿತ್ರೆಯು ನಮಗೆ ಹೇಳುವ ಮಾತು ಇದೇ.