ಜಾಲ ಪದರಗಳು

ಕಂಪ್ಯೂಟರ್‌ಗಳ ನಡುವಣ ಸಂವಹನದ ಕೆಲಸವನ್ನು ಹಂಚಿಕೊಂಡು, ಒಂದರ ಮೇಲೊಂದು ನಿಂತ ನಿಯಮಗಳ ಮಟ್ಟಗಳು. ಪ್ರತಿ ಪದರ ಕೆಳಗಿನದರಿಂದ ಸೇವೆ ಪಡೆದು ಮೇಲಿನದಕ್ಕೆ ಸೇವೆ ಕೊಡುತ್ತದೆ. ಹಾಗಾಗಿ ಕೆಳಗೆ ತಂತಿಯಿದೆಯೋ ವೈಫೈ ಇದೆಯೋ ಎಂಬುದು ಬ್ರೌಸರ್‌ಗೆ ತಿಳಿಯಬೇಕಿಲ್ಲ.

ಅಂತರಜಾಲದಲ್ಲಿ ಪುಟವೊಂದು ಹೊರಟಾಗ ಟಿಸಿಪಿ ಎಂಬ ಪದರ ಅದನ್ನು ತುಂಡು ಮಾಡಿ ಕ್ರಮಸಂಖ್ಯೆ ಹಾಕುತ್ತದೆ. ಅದರ ಕೆಳಗಿನ ಐಪಿ ಪ್ರತಿ ತುಂಡಿಗೂ ಎರಡೂ ತುದಿಗಳ ವಿಳಾಸ ಬರೆದು ಪೊಟ್ಟಣವಾಗಿಸುತ್ತದೆ. ಇನ್ನೂ ಕೆಳಗಿನ ಈಥರ್‌ನೆಟ್ ಆ ಪೊಟ್ಟಣವನ್ನು ಫ್ರೇಮ್ ಎಂಬ ಹೊದಿಕೆಯೊಳಗಿಟ್ಟು ಪಕ್ಕದ ಯಂತ್ರಕ್ಕಷ್ಟೇ ಮುಟ್ಟಿಸುತ್ತದೆ. ಒಂದು ಫ್ರೇಮ್‌ನಲ್ಲಿ ಸಾಮಾನ್ಯವಾಗಿ ಹಿಡಿಸುವುದು 1500 ಬೈಟ್. ದಾರಿಯ ಪ್ರತಿ ರೌಟರ್ ಫ್ರೇಮ್ ಬಿಚ್ಚಿ, ಐಪಿ ವಿಳಾಸ ಓದಿ, ಹೊಸ ಫ್ರೇಮ್ ತೊಡಿಸಿ ಸಾಗಹಾಕುತ್ತದೆ. ತಲುಪಿಸಿಯೇ ತೀರುವೆನೆಂಬ ಭರವಸೆಯನ್ನು ಐಪಿ ಕೊಡುವುದಿಲ್ಲ. ಪೊಟ್ಟಣಗಳು ಕಳೆದುಹೋಗಬಹುದು, ಹಿಂದುಮುಂದಾಗಬಹುದು. ಅದನ್ನು ಸರಿಪಡಿಸುವ ಹೊಣೆ ತುದಿಗಳಲ್ಲಿರುವ ಟಿಸಿಪಿಯದು: ಸ್ವೀಕೃತಿ ಬಾರದಿದ್ದರೆ ಮತ್ತೆ ಕಳುಹಿಸುತ್ತದೆ. ನಡುವಿನ ಜಾಲವನ್ನು ಇಷ್ಟು ಸರಳವಾಗಿಟ್ಟದ್ದೇ ಈ ವಿನ್ಯಾಸದ ದೊಡ್ಡ ಜಾಣ್ಮೆ. ವಿಡಿಯೊ ಕರೆಯಲ್ಲಿ ಮಾತ್ರ ತಡವಾಗುವುದಕ್ಕಿಂತ ತುಸು ಕಳೆದುಹೋಗುವುದೇ ವಾಸಿ. ಅಲ್ಲಿ ಹೆಚ್ಚಾಗಿ ಟಿಸಿಪಿಯ ಬದಲು, ಕಳೆದದ್ದನ್ನು ಮತ್ತೆ ಕಳುಹಿಸದ ಯುಡಿಪಿ ಬಳಕೆಯಾಗುತ್ತದೆ.

ಕಂಪ್ಯೂಟರ್ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರ ಪ್ರಬಂಧದಲ್ಲಿ ಟಿಸಿಪಿ ಮತ್ತು ಐಪಿಗಳ ಕೆಲಸವನ್ನು ಒಂದೇ ನಿಯಮಾವಳಿಗೆ ವಹಿಸಿದ್ದರು. ಐಪಿ ಬೇರ್ಪಟ್ಟದ್ದು ಆಮೇಲೆ. ಅಮೆರಿಕದ ಅರ್ಪಾನೆಟ್ ಜಾಲ 1983ರ ಜನವರಿ 1ರಂದು ಟಿಸಿಪಿ/ಐಪಿಗೆ ಬದಲಾಯಿತು. 1984ರ ಒಎಸ್‌ಐ ಎಂಬ ಇನ್ನೊಂದು ಪದರ ಮಾದರಿಯಲ್ಲಿ 7 ಪದರಗಳಿವೆ. ಬಳಕೆಯಲ್ಲಿ ಗೆದ್ದದ್ದು ಟಿಸಿಪಿ/ಐಪಿಯೇ ಆದರೂ, ದೋಷ ಹುಡುಕುವ ಎಂಜಿನಿಯರ್‌ಗಳು ಇಂದಿಗೂ ‘ಮೂರನೇ ಪದರದ ತೊಂದರೆ’ (ಅಂದರೆ ಐಪಿ ಮಟ್ಟದ್ದು) ಎಂದು ಒಎಸ್‌ಐ ಲೆಕ್ಕದಲ್ಲೇ ಮಾತಾಡುತ್ತಾರೆ.