ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಹೊಟ್ಟೆಯ ಹುಣ್ಣಿಗೆ?

(ಕನ್ನಡ ಕೂಟದ ಆಶ್ರಯದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬುದು ನಾವೆಲ್ಲ ಮನೆಯಲ್ಲಿ ಕೇಳಿ ಬೆಳೆದ ಗಾದೆ. ಕಣ್ಣೆದುರಿಗೇ ಇರುವುದನ್ನು ತೋರಿಸಲು ಬೇರೆ ಸಾಧನವೇಕೆ ಎಂಬುದು ಅದರ ತಾತ್ಪರ್ಯ. ಆದರೆ ಹುಣ್ಣು ಅಂಗೈಯಲ್ಲಿರದೆ ಜಠರದಲ್ಲಿದ್ದರೆ? ಸಾವಿರಾರು ವರ್ಷಗಳ ಕಾಲ ವೈದ್ಯನು ನಾಡಿ ಹಿಡಿದು, ಹೊಟ್ಟೆಯನ್ನು ಒತ್ತಿ, ನಾಲಗೆಯನ್ನು ನೋಡಿ ಒಳಗಿನ ಸ್ಥಿತಿಯನ್ನು ಊಹಿಸಬೇಕಾಗಿತ್ತು. ಆ ಊಹೆ ಸರಿಯೋ ತಪ್ಪೋ ಎಂಬುದು ಅನೇಕ ವೇಳೆ ಮರಣೋತ್ತರ ಪರೀಕ್ಷೆಯಲ್ಲಿಯೇ ತಿಳಿಯುತ್ತಿತ್ತು. ಬದುಕಿರುವ ಮನುಷ್ಯನ ಒಡಲೊಳಗಿನ ಕತ್ತಲೆಯನ್ನು ನೀಗಿಸಿದ ಸಾಧನವೇ ಎಂಡೋಸ್ಕೋಪ್, ಅಂದರೆ ಅಂತರ್ದರ್ಶಕ.

ವೃತ್ತಿಯಿಂದ ನಾವು ಜಠರ ಮತ್ತು ಕರುಳಿನ ರೋಗಗಳ ವೈದ್ಯರು. ಈ ಸಾಧನವೇ ನಮಗೆ ಅನ್ನ ನೀಡುತ್ತಿದೆ. ಅದರ ಇತಿಹಾಸವನ್ನು ಸರಳವಾಗಿ ಹೇಳಬೇಕೆಂದು ಕೂಟದವರು ಕೇಳಿಕೊಂಡಾಗ ಸಂತೋಷದಿಂದ ಒಪ್ಪಿದೆವು. ಇತಿಹಾಸದ ಕೊನೆಯಲ್ಲಿ ಒಂದು ಸ್ವಂತ ಮಾತೂ ಇದೆ. ಅದನ್ನು ಹೇಳದೆ ಈ ವೇದಿಕೆಯಿಂದ ಇಳಿಯುವ ಮನಸ್ಸಿಲ್ಲ.

ಮೇಣದ ಬತ್ತಿಯಿಂದ ಆರಂಭ

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಫಿಲಿಪ್ ಬೊಝಿನಿ ಎಂಬ ತರುಣ ವೈದ್ಯನಿದ್ದನು. 1806ರಲ್ಲಿ ಅವನು ‘ಲಿಖ್ಟ್‌ಲೈಟರ್’, ಅಂದರೆ ಬೆಳಕನ್ನು ಒಯ್ಯುವ ಸಾಧನ, ಎಂಬ ಉಪಕರಣವನ್ನು ವಿಯೆನ್ನಾದ ವೈದ್ಯರ ಮುಂದಿಟ್ಟನು. ಹೂದಾನಿಯಂತಹ ಒಂದು ತಗಡಿನ ಪಾತ್ರೆ, ಅದರೊಳಗೆ ಮೇಣದ ಬತ್ತಿ, ಬತ್ತಿಯ ಬೆಳಕನ್ನು ಮುಂದಕ್ಕೆ ತಳ್ಳಲು ಒಂದು ಕನ್ನಡಿ, ಮುಂದೆ ಕೊಳವೆ. ಬೆಳಕು ನೋಡುವವನ ಕಣ್ಣಿಗೆ ರಾಚದೆ ಒಳಕ್ಕೆ ಮಾತ್ರ ಹೋಗುವಂತೆ ಅವನು ಅದನ್ನು ರಚಿಸಿದ್ದನು. ವಿಯೆನ್ನಾದಲ್ಲಿ ಸೈನಿಕ ವೈದ್ಯರ ಅಕಾಡೆಮಿಗೂ ವಿಶ್ವವಿದ್ಯಾಲಯದ ವೈದ್ಯರಿಗೂ ಪೈಪೋಟಿಯಿತ್ತು. ಮೊದಲನೆಯವರು ಆಸಕ್ತಿ ತೋರಿದರು, ಎರಡನೆಯವರು ತಳ್ಳಿಹಾಕಿದರು. ಬೊಝಿನಿ 1809ರಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಲೇ ಟೈಫಸ್ ಜ್ವರಕ್ಕೆ ತುತ್ತಾಗಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಉಪಕರಣ ಮೂಲೆ ಸೇರಿತು.

1853ರಲ್ಲಿ ಪ್ಯಾರಿಸ್ಸಿನ ದೆಸೋರ್ಮೊ ಮದ್ಯಸಾರ ಮತ್ತು ಟರ್ಪೆಂಟೈನ್ ಬೆರೆಸಿ ಉರಿಸುವ ದೀಪವನ್ನು ಕೊಳವೆಗೆ ಜೋಡಿಸಿದನು. ‘ಎಂಡೋಸ್ಕೋಪ್’ ಎಂಬ ಹೆಸರು ಬಳಕೆಗೆ ಬಂದದ್ದು ಅವನಿಂದ. 1868ರಲ್ಲಿ ಫ್ರೈಬರ್ಗ್ ನಗರದ ಅಡಾಲ್ಫ್ ಕುಸ್‌ಮೌಲ್‌ಗೆ ಒಂದು ವಿಚಿತ್ರ ಉಪಾಯ ಹೊಳೆಯಿತು. ಜಾತ್ರೆಯಲ್ಲಿ ಕತ್ತಿ ನುಂಗುವವನು ಕತ್ತಿಯನ್ನು ನೇರವಾಗಿ ಜಠರದವರೆಗೆ ಇಳಿಸಬಲ್ಲನಾದರೆ, ಕೊಳವೆಯನ್ನೇಕೆ ಇಳಿಸಲಾಗದು? ಅಂತಹ ಒಬ್ಬನನ್ನು ಕರೆಸಿ ಸುಮಾರು ಒಂದೂವರೆ ಅಡಿ ಉದ್ದದ ಲೋಹದ ಕೊಳವೆಯನ್ನು ನುಂಗಿಸಿಯೂ ಬಿಟ್ಟನು. ಕೊಳವೆ ಇಳಿಯಿತು, ಆದರೆ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲದೆ ಏನೂ ಸರಿಯಾಗಿ ಕಾಣಲಿಲ್ಲ.

ಕೋಣೆಯೊಳಗೆ ನೋಡಬೇಕಾದರೆ ದೀಪವನ್ನು ಬಾಗಿಲ ಹೊರಗೆ ಹಿಡಿದು ಫಲವಿಲ್ಲ, ಒಳಗೇ ಒಯ್ಯಬೇಕು. ಮ್ಯಾಕ್ಸಿಮಿಲಿಯನ್ ನಿಟ್ಜೆ ಈ ಸರಳ ಸತ್ಯವನ್ನು ಕಾರ್ಯಗತಗೊಳಿಸಿದನು. 1877ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಅವನು ಪ್ರದರ್ಶಿಸಿದ, ಮೂತ್ರಕೋಶವನ್ನು ನೋಡುವ ಉಪಕರಣದಲ್ಲಿ ವಿದ್ಯುತ್ತಿನಿಂದ ಕಾದು ಬೆಳಗುವ ಪ್ಲಾಟಿನಂ ತಂತಿಯು ಕೊಳವೆಯ ತುದಿಯಲ್ಲಿಯೇ ಇತ್ತು. ಅಂಗವು ಸುಡದಂತೆ ಸುತ್ತಲೂ ತಣ್ಣೀರು ಹರಿಯುತ್ತಿತ್ತು. ಎಡಿಸನ್ನನ ಬಲ್ಬು ಬಂದ ಮೇಲೆ, 1880ರ ದಶಕದಲ್ಲಿ ಪುಟಾಣಿ ಬಲ್ಬುಗಳು ತಂತಿಯ ಸ್ಥಾನವನ್ನು ಪಡೆದು ನೀರಿನ ತಾಪತ್ರಯವೂ ತಪ್ಪಿತು.

ಇಲ್ಲಿಗೆ ಬೆಳಕಿನ ಸಮಸ್ಯೆ ಬಗೆಹರಿಯಿತು. ಬಾಗುವ ಸಮಸ್ಯೆ ಉಳಿಯಿತು. ನಮ್ಮ ಅನ್ನನಾಳ, ಜಠರ, ಕರುಳುಗಳು ನೇರವಾದ ಕೊಳವೆಗಳಲ್ಲ. ಬೆಳಕಾದರೋ ನೇರವಾಗಿಯೇ ಚಲಿಸುವಂಥದು. 1932ರಲ್ಲಿ ಮ್ಯೂನಿಕ್ಕಿನ ರುಡಾಲ್ಫ್ ಷಿಂಡ್ಲರ್, ಉಪಕರಣ ತಯಾರಕ ಜಾರ್ಜ್ ವುಲ್ಫ್ ಅವರೊಡನೆ ಸೇರಿ ತುದಿಯ ಭಾಗ ಸ್ವಲ್ಪ ಬಾಗುವ ಉಪಕರಣವನ್ನು ರೂಪಿಸಿದರು. ಅದರೊಳಗೆ ಸಾಲಾಗಿ ಅನೇಕ ಸಣ್ಣ ಮಸೂರಗಳಿದ್ದವು. ಪರೀಕ್ಷೆಯ ಸಮಯದಲ್ಲಿ ರೋಗಿಯ ತಲೆಯನ್ನು ಹಿಡಿದು ಧೈರ್ಯ ಹೇಳುತ್ತಿದ್ದವರು ಅವರ ಪತ್ನಿ ಗೇಬ್ರಿಯೆಲೆ. 1933ರಲ್ಲಿ ನಾಜಿಗಳು ಷಿಂಡ್ಲರರನ್ನು ಬಂಧಿಸಿದರು. ಬಿಡುಗಡೆಯಾದ ಮೇಲೆ 1934ರಲ್ಲಿ ಅವರು ಅಮೆರಿಕೆಯ ಚಿಕಾಗೋ ನಗರಕ್ಕೆ ವಲಸೆ ಬಂದರು. ಈ ದೇಶದಲ್ಲಿ ಜಠರದರ್ಶನ ವಿದ್ಯೆ ಬೇರೂರಿದ್ದು ಆ ಒಬ್ಬ ವಲಸೆಗಾರನಿಂದ ಎಂಬುದನ್ನು ನಾವು ವಲಸೆಗಾರರು ನೆನೆಯುವುದು ಉಚಿತ.

ಬೆಳಕನ್ನು ಬಾಗಿಸಿದವರು

ಗಾಜಿನ ಒಂದು ತುದಿಯಿಂದ ಓರೆಯಾಗಿ ಒಳಹೊಕ್ಕ ಬೆಳಕು ಅಂಚಿಗೆ ತಗುಲಿದಾಗ ಹೊರಗೆ ಹೋಗದೆ ಒಳಕ್ಕೇ ಪ್ರತಿಫಲಿಸುತ್ತದೆ. ಶಾಲೆಯಲ್ಲಿ ‘ಸಂಪೂರ್ಣ ಆಂತರಿಕ ಪ್ರತಿಫಲನ’ ಎಂದು ಓದಿದ್ದು ಇದನ್ನೇ. ಹೀಗೆ ಅಂಚಿನಿಂದ ಅಂಚಿಗೆ ಪುಟಿಯುತ್ತ ಅದು ಬಾಗಿದ ಗಾಜಿನ ಎಳೆಯೊಳಗೂ ಸಾಗುತ್ತದೆ. ಕೂದಲಿನಷ್ಟು ತೆಳುವಾದ ಸಾವಿರಾರು ಎಳೆಗಳನ್ನು ಕಟ್ಟಾಗಿ ಜೋಡಿಸಿದರೆ, ಒಂದೊಂದು ಎಳೆಯೂ ದೃಶ್ಯದ ಒಂದೊಂದು ಚುಕ್ಕೆಯನ್ನು ಹೊತ್ತು ತರುತ್ತದೆ. ನಮ್ಮ ಮನೆಯಂಗಳದ ರಂಗೋಲಿಯಂತೆ, ಚುಕ್ಕೆಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದರೆ ಮಾತ್ರ ಚಿತ್ರ ಮೂಡುತ್ತದೆ.

ಮ್ಯೂನಿಕ್ಕಿನ ವೈದ್ಯವಿದ್ಯಾರ್ಥಿ ಹೈನ್‌ರಿಖ್ ಲಾಮ್ 1930ರಲ್ಲಿಯೇ ಇಂತಹ ಕಟ್ಟಿನ ಮೂಲಕ ಬಲ್ಬಿನ ತಂತಿಯ ಮಸುಕಾದ ಚಿತ್ರವನ್ನು ಸಾಗಿಸಿದ್ದನು. ಯೆಹೂದಿಯಾದ ಅವನೂ ದೇಶ ಬಿಡಬೇಕಾಯಿತು. ಪ್ರಯೋಗ ಅಲ್ಲಿಗೇ ನಿಂತಿತು. 1951ರಲ್ಲಿ ಲಂಡನ್ನಿನ ಒಂದು ಔತಣದಲ್ಲಿ ವೈದ್ಯರೊಬ್ಬರು, ಸೆಟೆದ ಕೊಳವೆಯಿಂದ ತಮ್ಮ ರೋಗಿಗಳು ಪಡುವ ಪಾಡನ್ನು ಇಂಪೀರಿಯಲ್ ಕಾಲೇಜಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ ಅವರಲ್ಲಿ ತೋಡಿಕೊಂಡರು. ಊಟದ ಮೇಜಿನ ಆ ಮಾತೇ ಸಂಶೋಧನೆಯ ಬೀಜವಾಯಿತು. ಹಾಪ್‌ಕಿನ್ಸರ ಬಳಿ ಈ ಕೆಲಸವನ್ನು ಕೈಗೆತ್ತಿಕೊಂಡವರು ನಮ್ಮ ದೇಶದ ನರಿಂದರ್ ಸಿಂಗ್ ಕಪಾನಿ. 1926ರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ಅವರು ಡೆಹ್ರಾಡೂನಿನಲ್ಲಿ ಓದುತ್ತಿದ್ದಾಗ, ಬೆಳಕು ನೇರ ರೇಖೆಯಲ್ಲಿ ಮಾತ್ರ ಚಲಿಸುತ್ತದೆಂದು ಮೇಷ್ಟ್ರು ಹೇಳಿದ್ದನ್ನು ಒಪ್ಪಿರಲಿಲ್ಲವಂತೆ. 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಾಪ್‌ಕಿನ್ಸ್ ಮತ್ತು ಕಪಾನಿಯವರ ಲೇಖನ ಪ್ರಕಟವಾಯಿತು. ಕಪಾನಿಯವರು ಮುಂದೆ ಅಮೆರಿಕೆಯಲ್ಲಿ ನೆಲೆಸಿ 2020ರಲ್ಲಿ ನಿಧನರಾದರು. 2021ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತಿತು.

ಆ ಲೇಖನವನ್ನು ಓದಿ ಲಂಡನ್ನಿಗೆ ಧಾವಿಸಿದವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ, ದಕ್ಷಿಣ ಆಫ್ರಿಕಾ ಮೂಲದ ವೈದ್ಯ ಬೇಸಿಲ್ ಹಿರ್ಷೋವಿಟ್ಜ್. ಆನ್ ಆರ್ಬರಿಗೆ ಮರಳಿ ಅವರು ಭೌತವಿಜ್ಞಾನಿ ವಿಲ್ಬರ್ ಪೀಟರ್ಸ್ ಹಾಗೂ ಲಾರೆನ್ಸ್ ಕರ್ಟಿಸ್ ಎಂಬ ಇನ್ನೂ ಪದವಿ ಪಡೆಯದ ವಿದ್ಯಾರ್ಥಿಯೊಡನೆ ಗಾಜಿನ ಎಳೆ ತೆಗೆಯಲು ಕುಳಿತರು. ತೆಗೆದ ಎಳೆಯನ್ನು ಸುತ್ತಲು ಅವರಿಗೆ ಓಟ್ಸಿನ ಖಾಲಿ ಡಬ್ಬಿಗಳೇ ಸಾಕಾದವು. ಆದರೆ ಬರಿಯ ಎಳೆಗಳು ಒಂದಕ್ಕೊಂದು ತಗುಲಿದಲ್ಲೆಲ್ಲ ಬೆಳಕು ಸೋರಿಹೋಗುತ್ತಿತ್ತು. ಒಂದು ಗಾಜಿನ ಕಡ್ಡಿಯನ್ನು ಬೇರೊಂದು ಬಗೆಯ ಗಾಜಿನ ಕೊಳವೆಯೊಳಗಿರಿಸಿ, ಎರಡನ್ನೂ ಒಟ್ಟಿಗೆ ಕಾಯಿಸಿ ಎಳೆದರೆ ಪ್ರತಿ ಎಳೆಗೂ ಗಾಜಿನದೇ ಒಂದು ಹೊದಿಕೆ ಸಿಕ್ಕುತ್ತದೆಂದು ಕರ್ಟಿಸ್ 1956ರ ಡಿಸೆಂಬರಿನಲ್ಲಿ ಮಾಡಿ ತೋರಿಸಿದನು. ಸೋರಿಕೆ ನಿಂತಿತು. 1957ರ ಫೆಬ್ರವರಿಯಲ್ಲಿ ಹಿರ್ಷೋವಿಟ್ಜ್ ಹೊಸ ಉಪಕರಣವನ್ನು ಮೊದಲು ತಾವೇ ನುಂಗಿದರು. ಕೆಲವು ದಿನಗಳ ನಂತರವಷ್ಟೇ ರೋಗಿಯೊಬ್ಬರಿಗೆ ಬಳಸಿದರು. ಆ ಮೊದಲ ಉಪಕರಣ ಇಂದು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ.

ಒಂದೇ ಕಣ್ಣಿಗೆ ಕಂಡ ಲೋಕ

1990ರ ಸುಮಾರಿಗೆ ಕರ್ನಾಟಕದ ವೈದ್ಯಕೀಯ ಕಾಲೇಜೊಂದರಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ ಕಂಡದ್ದು ಇದೇ ವಂಶದ ಉಪಕರಣವನ್ನು. ಅದರಲ್ಲಿ ಕಣ್ಣಿಡಲು ಒಂದೇ ಕಿಂಡಿ. ಮೇಷ್ಟ್ರು ನೋಡಿ ಮುಗಿಸಿದ ಮೇಲೆ ನಾವು ಸಾಲಾಗಿ ನಿಂತು ಒಬ್ಬೊಬ್ಬರೇ ಇಣುಕುತ್ತಿದ್ದೆವು. ನಮ್ಮ ಸರದಿ ಬರುವಷ್ಟರಲ್ಲಿ ರೋಗಿಗೆ ಓಕರಿಕೆ ಬಂದು ಪರೀಕ್ಷೆಯೇ ಮುಗಿದಿರುತ್ತಿತ್ತು. ಕಂಡಾಗಲೂ ಚಿತ್ರದ ತುಂಬ ಕರಿಯ ಚುಕ್ಕೆಗಳು. ಮುರಿದ ಗಾಜಿನ ಎಳೆಗಳ ಗುರುತುಗಳವು. ಹಾಗಿದ್ದರೂ, ಕೆಂಪಗೆ ಹೊಳೆಯುವ ಜಠರದ ಗೋಡೆಯಲ್ಲಿ ಬಿಳಿಯ ತಳದ ಒಂದು ಹುಣ್ಣನ್ನು ಮೊದಲ ಬಾರಿಗೆ ಕಂಡ ಕ್ಷಣ ಇಂದಿಗೂ ಮರೆತಿಲ್ಲ.

ಆ ಕಾಲದಲ್ಲಿ ‘ಅಲ್ಸರ್’ ಎಂದರೆ ಖಾರ, ಹುಳಿ, ಚಿಂತೆ, ಹೊತ್ತು ತಪ್ಪಿದ ಊಟ ಎಂದೇ ಎಲ್ಲರ ತೀರ್ಮಾನ. ಸಾರಿಗೆ ಮೆಣಸಿನಪುಡಿ ಹೆಚ್ಚು ಹಾಕಿದರೆಂದು ಬೈಗುಳ ತಿಂದ ತಾಯಂದಿರೆಷ್ಟೋ! ಅವರನ್ನು ನಿರ್ದೋಷಿಗಳೆಂದು ಸಾರಿದ್ದೂ ಈ ಸಾಧನವೇ. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, ಎಂಡೋಸ್ಕೋಪಿನ ಮೂಲಕ ತೆಗೆದ ಜಠರದ ಚೂರುಗಳಲ್ಲಿ ಸುರುಳಿಯಾಕಾರದ ರೋಗಾಣುವನ್ನು ಕಂಡು, 1982ರಲ್ಲಿ ಅದನ್ನು ಬೆಳೆಸಿದರು. ಲೋಕ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ರೋಗಾಣುವನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ತರಿಸಿಕೊಂಡು, ಎಂಡೋಸ್ಕೋಪಿಯಿಂದಲೇ ರುಜುವಾತುಪಡಿಸಿದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಶಸ್ತ್ರಚಿಕಿತ್ಸೆಯ ವಾರ್ಡುಗಳನ್ನು ತುಂಬುತ್ತಿದ್ದ ರೋಗಕ್ಕೆ ಈಗ ಎರಡು ವಾರಗಳ ಮಾತ್ರೆ ಸಾಕು.

ನೋಡುವ ಸಾಧನ ಕೆಲಸ ಮಾಡುವ ಸಾಧನವೂ ಆಯಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ, ದೊಡ್ಡ ಕರುಳಿನೊಳಗೆ ಬೆಳೆದ ಪಾಲಿಪ್ ಎಂಬ ಗಂಟನ್ನು ತಂತಿಯ ಕುಣಿಕೆ ಹಾಕಿ, ಹೊಟ್ಟೆ ಕೊಯ್ಯದೆಯೇ ಕತ್ತರಿಸಿ ತೆಗೆದರು. ಅದೇ ವರ್ಷ ಬೆಲ್ ಪ್ರಯೋಗಾಲಯದಲ್ಲಿ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಎಂಬ ಬಿಲ್ಲೆಯ ಆವಿಷ್ಕಾರವಾಯಿತು. 1983ರಲ್ಲಿ ಅದು ಎಂಡೋಸ್ಕೋಪಿನ ತುದಿಯನ್ನೇರಿತು. ಒಂದೇ ಕಣ್ಣಿಗೆ ಕಾಣುತ್ತಿದ್ದ ದೃಶ್ಯ ಟಿ.ವಿ. ಪರದೆಯ ಮೇಲೆ ಎಲ್ಲರಿಗೂ ಕಂಡಿತು. 2001ರಿಂದ ನುಂಗುವ ಮಾತ್ರೆಯೊಳಗಿನ ಕ್ಯಾಮೆರಾ ಕೂಡ ವೈದ್ಯರ ಕೈಗೆ ಬಂದಿದೆ.

ಯಂತ್ರದ ಒಡಲು, ಬೆಟ್ಟದ ಒಡಲು

ಯಂತ್ರಗಳಿಗೂ ಒಡಲಿದೆ, ರೋಗಗಳಿವೆ. 1921ರ ಸುಮಾರಿಗೆ ವೆಸ್ಟಿಂಗ್‌ಹೌಸ್ ಕಂಪನಿಯು ಉಗಿ ಟರ್ಬೈನಿನ ಒಳಭಾಗದ ದೋಷಗಳನ್ನು ನೋಡಲು ಉಪಕರಣ ಮಾಡಿಕೊಡಿರೆಂದು ಕೇಳಿದ್ದು ಫಿಲಡೆಲ್ಫಿಯಾದ ಜಾರ್ಜ್ ಕ್ರಾಂಪ್ಟನ್ ಅವರನ್ನು. ಅವರು ಕಣ್ಣಿನ ಡಾಕ್ಟರು! ಅವರು ರೂಪಿಸಿದ ‘ಬೋರ್‌ಸ್ಕೋಪ್’ ಮನೆತನದ ಉಪಕರಣಗಳು ಇಂದು ವಿಮಾನದ ಎಂಜಿನ್ನುಗಳನ್ನು ಕಾಯುತ್ತಿವೆ. ಜೆಟ್ ಎಂಜಿನ್ನಿನ ಕವಚದಲ್ಲಿ ಇದಕ್ಕಾಗಿಯೇ ಸಣ್ಣ ರಂಧ್ರಗಳಿರುತ್ತವೆ. ಎಂಜಿನ್ನನ್ನು ಬಿಚ್ಚದೆ ಅಲ್ಲಿಂದ ತೂರಿಸಿ ಅಲಗುಗಳ ಬಿರುಕು, ಸುಟ್ಟ ಗುರುತುಗಳನ್ನು ನೋಡುತ್ತಾರೆ. ಊರಿಗೆ ಹೋಗುವ ವಿಮಾನದಲ್ಲಿ ನಾವು ನಿಶ್ಚಿಂತೆಯಿಂದ ನಿದ್ರಿಸುವುದರಲ್ಲಿ ಈ ಪರೀಕ್ಷೆಯ ಪಾಲೂ ಇದೆ.

2023ರ ನವೆಂಬರ್ 12ರಂದು, ದೀಪಾವಳಿಯ ದಿನ, ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದುದು ತಮಗೆ ನೆನಪಿರಬಹುದು. ಹತ್ತನೆಯ ದಿನ ಆರು ಅಂಗುಲದ ಪೈಪಿನೊಳಗಿಂದ ಒಂದು ಎಂಡೋಸ್ಕೋಪಿಕ್ ಕ್ಯಾಮೆರಾವನ್ನು ತೂರಿಸಲಾಯಿತು. ಹಳದಿ ಹೆಲ್ಮೆಟ್ ಧರಿಸಿ ನಿಂತ ಮುಖಗಳು ಪರದೆಯ ಮೇಲೆ ಮೂಡಿದವು. ಆ ಚಿತ್ರವನ್ನು ನಮ್ಮ ಮನೆಯಲ್ಲಿ ನೋಡಿದಾಗ, ವೃತ್ತಿಯಲ್ಲಿ ದಿನವೂ ಇಂತಹ ಪರದೆಯನ್ನೇ ನೋಡುವ ನಮ್ಮ ಕಣ್ಣೂ ಒದ್ದೆಯಾಯಿತು. ನವೆಂಬರ್ 28ರಂದು ಅಷ್ಟೂ ಜನ ಜೀವಂತವಾಗಿ ಹೊರಬಂದರು.

ಕೊನೆಯ ಮಾತು

ಇನ್ನು ಆ ಸ್ವಂತ ಮಾತು. ಈ ದೇಶದಲ್ಲಿ ಹಳೆಯ ಮನೆ ಕೊಳ್ಳುವಾಗ ನಮ್ಮಲ್ಲಿ ಅನೇಕರು ಚರಂಡಿಯ ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಿಸುತ್ತೇವೆ. ಅದಕ್ಕೆ ಯಾರಿಗೂ ಸಂಕೋಚವಿಲ್ಲ. ಸ್ವಂತ ಕರುಳಿನ ಮಾತು ಬಂದಾಗ ಮಾತ್ರ ತಲೆ ತಗ್ಗಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಕನ್ನಡಿಗರೊಬ್ಬರಿಗೆ ಐವತ್ತೆಂಟು ವರ್ಷ. ಅವರ ವೈದ್ಯರು ಮೂರು ಬಾರಿ ಕೊಲೊನೋಸ್ಕೋಪಿಗೆ ಬರೆದುಕೊಟ್ಟಿದ್ದರು. ಮೊದಲ ಸಲ ಮಗಳ ಮದುವೆ, ಎರಡನೆಯ ಸಲ ಊರಿನ ಪ್ರಯಾಣ, ಮೂರನೆಯ ಸಲ ‘ನನಗೇನೂ ತೊಂದರೆಯಿಲ್ಲವಲ್ಲ’ ಎಂಬ ಸಮಾಧಾನ. ನಾಚಿಕೆಯೇ ನಿಜವಾದ ಕಾರಣವೆಂದು ಅವರೇ ನಂತರ ಹೇಳಿದರು. ರಕ್ತ ಕಂಡು ಬಂದಾಗ ಗಂಟು ಪಾಲಿಪ್ ಆಗಿ ಉಳಿದಿರಲಿಲ್ಲ. ಅದು ಕ್ಯಾನ್ಸರ್ ಆಗಿ ಯಕೃತ್ತನ್ನು ಮುಟ್ಟಿತ್ತು. “ಡಾಕ್ಟ್ರೇ, ಮೊದಲೇ ಬಂದಿದ್ದರೆ?” ಎಂದು ಅವರ ಪತ್ನಿ ಕೇಳಿದರು. ನಮಗೆ ಉತ್ತರ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಪಾಲಿಪ್ ಕ್ಯಾನ್ಸರಾಗಿ ತಿರುಗಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಆ ಅವಧಿಯಲ್ಲಿ ಕಂಡು ತೆಗೆದರೆ ರೋಗವೇ ಹುಟ್ಟುವುದಿಲ್ಲ. 1993ರಲ್ಲಿ ಪ್ರಕಟವಾದ ಅಮೆರಿಕೆಯ ರಾಷ್ಟ್ರೀಯ ಪಾಲಿಪ್ ಅಧ್ಯಯನದಲ್ಲಿ, ಪಾಲಿಪ್ ತೆಗೆಸಿಕೊಂಡ 1,418 ಜನರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇಕಡಾ 76ರಿಂದ 90ರಷ್ಟು ಕಡಿಮೆ ಕಂಡುಬಂದಿತು. 2021ರಿಂದ ಇಲ್ಲಿ 45ನೆಯ ವಯಸ್ಸಿಗೇ ತಪಾಸಣೆ ಆರಂಭಿಸಬೇಕೆಂಬ ಸಲಹೆಯಿದೆ. ಮನೆಯಲ್ಲಿ ಯಾರಿಗಾದರೂ ಈ ರೋಗವಿದ್ದರೆ ಇನ್ನೂ ಮೊದಲೇ ವೈದ್ಯರನ್ನು ಕೇಳಬೇಕು. ಹಿಂದಿನ ದಿನದ ಭೇದಿ ಔಷಧ ಹಿಂಸೆಯೇ, ಅಲ್ಲವೆನ್ನುವುದಿಲ್ಲ. ಕರುಳಿಗೆ ಗಾಯವಾಗುವ ಅಪಾಯವೂ ಅಪರೂಪಕ್ಕೆ ಉಂಟು. ಒಪ್ಪದವರಿಗೆ ಮಲಪರೀಕ್ಷೆಯಂತಹ ಬೇರೆ ದಾರಿಗಳಿವೆ. ಯಾವುದಾದರೂ ಒಂದನ್ನು ಮಾಡಿಸಿಕೊಳ್ಳಿ.

ಬೊಝಿನಿಯ ಮೇಣದ ಬತ್ತಿಯಿಂದ ಇಲ್ಲಿಯವರೆಗೆ ಇನ್ನೂರಕ್ಕೂ ಹೆಚ್ಚು ವರ್ಷ ಎಷ್ಟೋ ಜನ ದುಡಿದಿದ್ದಾರೆ. ಕೆಲವರು ಸೆರೆಮನೆ ಕಂಡರು, ಕೆಲವರು ದೇಶ ಬಿಟ್ಟರು, ಕೆಲವರು ತಮ್ಮ ಮೈಮೇಲೆಯೇ ಪ್ರಯೋಗ ಮಾಡಿಕೊಂಡರು. ಅವರು ತಂದ ಬೆಳಕು ನಮ್ಮ ಮನೆ ಬಾಗಿಲಲ್ಲಿದೆ. ನಾಳೆ ಸೋಮವಾರ. ನಿಮ್ಮ ವೈದ್ಯರಿಗೆ ಒಂದು ಫೋನ್ ಮಾಡಿ. ಊರಿನಲ್ಲಿರುವ ಅಣ್ಣ, ಅಕ್ಕಂದಿರೊಡನೆ ಮಾತನಾಡುವಾಗಲೂ ಸಂಕೋಚವಿಲ್ಲದೆ ಈ ವಿಷಯವನ್ನು ಎತ್ತಿ.