ಅಮೆರಿಕಕ್ಕೆ ಪತ್ನಿ, ಬಂಧುಗಳನ್ನು ಕರೆಸಿಕೊಳ್ಳುವುದು: ತಿಳಿದಿರಬೇಕಾದ ವಿಚಾರಗಳು

ಕಾಸರಗೋಡು, ಸೊಲ್ಲಾಪುರ, ಹೊಸೂರು ಮುಂತಾದ ಗಡಿನಾಡ ಕನ್ನಡಿಗರ ಮನೆಗಳಲ್ಲಿಯೂ ಅಮೆರಿಕದ ವರನ ಸಂಬಂಧ ಈಗ ಅಪರೂಪವಲ್ಲ. ಸಂಬಂಧ ಕುದುರುವ ಮೊದಲು ಹೆಣ್ಣಿನ ಕಡೆಯವರು ಸಂಬಳ ಎಷ್ಟೆಂದು ವಿಚಾರಿಸುತ್ತಾರೆ. ಆದರೆ ವರನು ಅಲ್ಲಿ ಯಾವ ನೆಲೆಯಲ್ಲಿದ್ದಾನೆ ಎಂಬುದನ್ನು ಕೇಳುವವರು ಕಡಿಮೆ. ಮದುವೆಯ ನಂತರ ಹುಡುಗಿ ಎಷ್ಟು ಬೇಗ ಹೋಗಬಹುದು, ಅಲ್ಲಿ ಆಕೆಗೆ ಯಾವ ಹಕ್ಕು ಇರುತ್ತದೆ ಎಂಬುದು ಇದನ್ನೇ ಅವಲಂಬಿಸಿದೆ.

ಯಾರು ಯಾರನ್ನು ಕರೆಸಬಹುದು?

ಅಮೆರಿಕದ ಪೌರರು ಪತಿ ಅಥವಾ ಪತ್ನಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರಿಗಾಗಿ ಅರ್ಜಿ ಹಾಕಬಹುದು. ತಂದೆ-ತಾಯಿ, ಒಡಹುಟ್ಟಿದವರಿಗೆ ಅರ್ಜಿ ಹಾಕಲು 21 ವರ್ಷ ತುಂಬಿರಬೇಕು. ಗ್ರೀನ್ ಕಾರ್ಡ್ ಇರುವ ಖಾಯಂ ನಿವಾಸಿಗಳು ಪತಿ ಅಥವಾ ಪತ್ನಿ ಮತ್ತು ಅವಿವಾಹಿತ ಮಕ್ಕಳನ್ನು ಮಾತ್ರ ಕರೆಸಬಹುದು. ಅಜ್ಜ, ಅಜ್ಜಿ, ಅತ್ತೆ, ಮಾವಂದಿರಿಗೆ ಈ ದಾರಿ ಇಲ್ಲ. ಎಚ್-1ಬಿ ವೀಸಾದಲ್ಲಿ ದುಡಿಯುವವರು ಕುಟುಂಬದ ನೆಲೆಯಲ್ಲಿ ಯಾರಿಗೂ ವಲಸೆ ವೀಸಾ ಕೊಡಿಸಲಾರರು. ಅವರ ಪತ್ನಿಗೆ ಸಿಗುವುದು ಎಚ್-4 ಎಂಬ ತಾತ್ಕಾಲಿಕ ವೀಸಾ. ಗಂಡನ ಎಚ್-1ಬಿ ನೆಲೆ ಮುಗಿದರೆ ಅದೂ ಮುಗಿಯುತ್ತದೆ.

ಎಷ್ಟು ಕಾಯಬೇಕು?

ಪೌರರ ಪತಿ ಅಥವಾ ಪತ್ನಿ, 21ರೊಳಗಿನ ಅವಿವಾಹಿತ ಮಕ್ಕಳು ಹಾಗೂ ತಂದೆ-ತಾಯಿಗೆ ವಾರ್ಷಿಕ ಮಿತಿಯಿಲ್ಲ. ಕಡತ ಮುಂದೆ ಸಾಗಲು ಹಿಡಿಯುವ ಸಮಯವಷ್ಟೇ ಕಾಯಬೇಕು. ಉಳಿದವರಿಗೆ ಸರದಿ ಇದೆ. ಒಡಹುಟ್ಟಿದವರಿಗೆ ಇಡೀ ಪ್ರಪಂಚಕ್ಕೆ ವರ್ಷಕ್ಕೆ ಸುಮಾರು 65,000 ವೀಸಾ ಮಾತ್ರ. ಒಂದು ದೇಶದ ಪಾಲಿಗೂ ಶೇ. 7ರ ಮಿತಿ ಇದೆ. 2025ರಲ್ಲಿ ಭಾರತದವರ ಪೈಕಿ ಸರದಿ ಬಂದದ್ದು 2006ರಲ್ಲಿ ಅರ್ಜಿ ಹಾಕಿದ್ದವರಿಗೆ. ಈ ಸರದಿಯನ್ನು ಯಾವ ಏಜೆಂಟರೂ ಹಣ ಪಡೆದು ಮುಂದೂಡಲಾರರು, ಹಿಂದೆಳೆಯಲಾರರು.

ಅರ್ಜಿಯ ಹಂತಗಳು

ಮೊದಲು ಅಮೆರಿಕದಲ್ಲಿರುವವರು ಅಲ್ಲಿನ ವಲಸೆ ಇಲಾಖೆಗೆ ಐ-130 ಅರ್ಜಿ ಸಲ್ಲಿಸಬೇಕು. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ ಆನ್‌ಲೈನಿನಲ್ಲಿ 625 ಡಾಲರ್, ಕಾಗದದಲ್ಲಿ 675 ಡಾಲರ್. ಅರ್ಜಿ ಮಂಜೂರಾದ ಮೇಲೆ ಕಡತವು ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ಡಿಎಸ್-260 ಫಾರಂ ತುಂಬಿ ದಾಖಲೆಗಳನ್ನು ಒದಗಿಸಬೇಕು. ನಂತರ ವೈದ್ಯಕೀಯ ತಪಾಸಣೆ ಮತ್ತು ಸಂದರ್ಶನ. ಭಾರತದವರ ವಲಸೆ ವೀಸಾ ಸಂದರ್ಶನಗಳು ಬಹುತೇಕ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ನಡೆಯುತ್ತವೆ.

ಗಡಿನಾಡಿನವರು ಗಮನಿಸಬೇಕಾದದ್ದು

ನಮ್ಮವರ ದಾಖಲೆಗಳು ಒಂದೊಂದು ಭಾಷೆಯಲ್ಲಿರುತ್ತವೆ. ಕನ್ನಡ, ಮಲಯಾಳ, ಮರಾಠಿ, ತೆಲುಗು, ತಮಿಳು ಯಾವುದೇ ಇರಲಿ, ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ ಎಂದು ಅನುವಾದಕರು ಸಹಿ ಹಾಕಿರಬೇಕು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಮದುವೆ ಪತ್ರದಲ್ಲಿ ಮನೆತನದ ಹೆಸರು ಹೀಗಿದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ದೇವಸ್ಥಾನದ ರಸೀದಿ, ಲಗ್ನಪತ್ರಿಕೆ, ಫೋಟೋ ಸಾಲದು, ಮದುವೆ ನೋಂದಣಿಯಾಗಿರಬೇಕು. ಹಿರಿಯರಿಗೆ ಜನನ ಪ್ರಮಾಣಪತ್ರ ಇಲ್ಲದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಅಧಿಕೃತ ಪತ್ರ ಮತ್ತು ಶಾಲಾ ದಾಖಲೆಯಂತಹ ಬೇರೆ ಆಧಾರ ಬೇಕಾಗುತ್ತದೆ.

ಸ್ಪಾನ್ಸರ್ ಕೊಡುವ ಮಾತು

ಕರೆಸಿಕೊಳ್ಳುವವರು ಐ-864 ಎಂಬ ಪತ್ರಕ್ಕೆ ಸಹಿ ಹಾಕಬೇಕು. ಅವರ ಆದಾಯ ಸಾಮಾನ್ಯವಾಗಿ ಅಮೆರಿಕ ಸರಕಾರದ ಬಡತನ ರೇಖೆಯ ಶೇ. 125 ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಕುಟುಂಬಕ್ಕೆ ಇದು ವರ್ಷಕ್ಕೆ 26,437 ಡಾಲರ್. ಸಾಲದಿದ್ದರೆ ಮತ್ತೊಬ್ಬರು ಜೊತೆ ಸ್ಪಾನ್ಸರ್ ಆಗಬಹುದು. ಇದು ಬರೇ ಕಾಗದವಲ್ಲ, ಕಾನೂನಿನ ಕರಾರು. ಬಂದವರು ಪೌರತ್ವ ಪಡೆಯುವ, ಅಥವಾ ಸುಮಾರು 10 ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವ ತನಕ ಹೊಣೆ ಇರುತ್ತದೆ. ವಿಚ್ಛೇದನವಾದರೂ ಅದು ತಪ್ಪುವುದಿಲ್ಲ.

ಅಮೆರಿಕ ಪ್ರವೇಶಿಸುವಾಗ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಮಾತ್ರ ಸಿಗುತ್ತದೆ. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ದಂಪತಿ ಸೇರಿ ಐ-751 ಅರ್ಜಿ ಹಾಕಬೇಕು. ಸಂಸಾರ ಮುರಿದರೆ ಅಥವಾ ಹಿಂಸೆಯಿದ್ದರೆ ಪತ್ನಿ ಒಬ್ಬಳೇ ಅರ್ಜಿ ಹಾಕಲು ಅವಕಾಶವಿದೆ. "ನಾನು ಸಹಿ ಹಾಕದಿದ್ದರೆ ನಿನ್ನನ್ನು ಊರಿಗೆ ಅಟ್ಟುತ್ತಾರೆ" ಎಂಬ ಬೆದರಿಕೆಗೆ ಅಂಜಬೇಕಾಗಿಲ್ಲ. ಮಗಳನ್ನು ಕಳುಹಿಸಿಕೊಡುವ ತಂದೆ-ತಾಯಿ ಅರ್ಜಿ, ಸ್ಪಾನ್ಸರ್ ಪತ್ರ, ಮದುವೆ ನೋಂದಣಿ ಇವುಗಳ ಒಂದೊಂದು ಪ್ರತಿಯನ್ನು ಊರ ಮನೆಯಲ್ಲಿಯೂ ಇಟ್ಟುಕೊಳ್ಳುವುದು ಲೇಸು.